ನಿದ್ದೆ ಹೇಗಿದೆ ಅಂತ ಮೊದಲು ಕೇಳಿ

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತದೆ ಗಾದೆ. ಚಿಂತೆ ಇದ್ದವನಿಗೆ ಮೆತ್ತನೆ ಹಾಸಿಗೆ ಹಾಕಿದರೂ ನಿದ್ದೆ ಹತ್ತದು ಎಂಬುದು ಅದರ ಒಳಮಾತು. ಬಹುಕಾಲ ವೈದ್ಯಶಾಸ್ತ್ರವೂ ಇದನ್ನೇ ನಂಬಿತ್ತು. ಮನಸ್ಸಿಗೆ ಕಾಯಿಲೆ ಬಂದರೆ ನಿದ್ದೆ ಕೆಡುತ್ತದೆ, ಮನಸ್ಸು ಸರಿಹೋದರೆ ನಿದ್ದೆ ತಾನಾಗಿ ಬರುತ್ತದೆ, ಹಾಗಾಗಿ ನಿದ್ದೆಯನ್ನೇ ಬೇರೆಯಾಗಿ ವಿಚಾರಿಸುವ ಅಗತ್ಯವಿಲ್ಲ ಎಂಬ ಲೆಕ್ಕ ವೈದ್ಯರದಾಗಿತ್ತು. ಕಳೆದ ಮೂರೂವರೆ ದಶಕಗಳ ಸಂಶೋಧನೆ ಈ ಲೆಕ್ಕವನ್ನು ತಿದ್ದಿದೆ. ಮನಸ್ಸು ಕೆಟ್ಟರೆ ನಿದ್ದೆ ಕೆಡುವುದು ಎಷ್ಟು ನಿಜವೋ, ನಿದ್ದೆ ಕೆಟ್ಟರೆ ಮನಸ್ಸು ಕೆಡುವುದೂ ಅಷ್ಟೇ ನಿಜ. ಗಾದೆ ಹೇಳಿದ್ದು ಅರ್ಧ ದಾರಿ ಮಾತ್ರ.

ಉಳಿದರ್ಧ ದಾರಿಯ ತಿಳಿವಳಿಕೆ ದೇವನಹಳ್ಳಿ ತಾಲೂಕಿನ ಬೂದಿಗೆರೆಯಂಥ ಊರಿಗೆ ಇವತ್ತು ತುರ್ತಾಗಿ ಬೇಕಾಗಿದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ಭಾಗದ ರಾತ್ರಿಯೇ ಬದಲಾಯಿತು. ಹಳೆ ಮದ್ರಾಸ್ ರಸ್ತೆಯ ಬೂದಿಗೆರೆ ಕ್ರಾಸ್‌ನಿಂದ ನಿಲ್ದಾಣದ ಕಡೆಗೆ ಹೋಗುವವರು ಹಿಡಿಯುವ ದಾರಿ ಇದು. ಒಂದು ಪಕ್ಕ ಹಗಲು-ರಾತ್ರಿ ವಿಮಾನ ಇಳಿಯುವ ನಿಲ್ದಾಣ, ಇನ್ನೊಂದು ಪಕ್ಕ ಹೊಸಕೋಟೆಯ ಗೋದಾಮುಗಳು, ಅದರಾಚೆ ಕೋಲಾರದ ದಾರಿಯಲ್ಲಿ ನರಸಾಪುರದ ಕಾರ್ಖಾನೆಗಳು. ನಡುವಿನ ಹಳ್ಳಿಗಳ ಹುಡುಗರು ಲೋಡಿಂಗ್, ಸೆಕ್ಯುರಿಟಿ, ಹೌಸ್‌ಕೀಪಿಂಗ್, ಕ್ಯಾಬ್ ಡ್ರೈವಿಂಗ್ ಎಂದು ಪಾಳಿಯ ಕೆಲಸಕ್ಕೆ ಸೇರಿದರು. 2019ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ಕಾರ್ಖಾನೆಗಳ ರಾತ್ರಿ ಪಾಳಿಗೆ ಮಹಿಳೆಯರಿಗೂ ಅವಕಾಶ ಕೊಟ್ಟಿತು. ಕಂಪನಿ ಗಾಡಿ ಬರುವ ಹೊತ್ತೇ ಮನೆಯ ಗಡಿಯಾರವಾಯಿತು.

ಈ ಸೀಮೆಗೆ ರಾತ್ರಿ ಎಚ್ಚರ ಹೊಸದೇನಲ್ಲ, ನಿಜ. ರೇಷ್ಮೆ ಸಾಕುವ ಮನೆಗಳಲ್ಲಿ ಹುಳು ನಾಲ್ಕನೇ ಜ್ವರ ಎದ್ದಮೇಲೆ ಹಣ್ಣಾಗುವವರೆಗಿನ ಒಂದು ವಾರ ಯಾರಿಗೂ ಸರಿಯಾದ ನಿದ್ದೆಯಿಲ್ಲ. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಬಹುಪಾಲನ್ನು ತಿನ್ನುವುದು ಆ ವಾರದಲ್ಲೇ. ಹೂವು, ತರಕಾರಿ ಬೆಳೆದವರು ಕೋಳಿ ಕೂಗುವ ಮುಂಚೆಯೇ ಬೆಂಗಳೂರಿನ ಮಾರುಕಟ್ಟೆಗೆ ಗಾಡಿ ಹತ್ತುತ್ತಾರೆ. ಥ್ರೀ ಫೇಸ್ ಕರೆಂಟು ರಾತ್ರಿ ಬಂದರೆ ರಾತ್ರಿಯೇ ತೋಟಕ್ಕೆ ಹೋಗಬೇಕು. ಪಂಪ್‌ಸೆಟ್ಟಿಗೆ ಆಟೋ ಸ್ಟಾರ್ಟರ್ ಹಾಕಿಸಿದ ರೈತ ನಿಜಕ್ಕೂ ಕೊಂಡುಕೊಂಡದ್ದು ನಿದ್ದೆಯನ್ನು. ದೊಡ್ಡಬಳ್ಳಾಪುರದ ನೇಕಾರರ ಕೇರಿಗಳಲ್ಲಿ ವಿದ್ಯುತ್ ಮಗ್ಗದ ಸದ್ದಿನಲ್ಲೇ ಮಕ್ಕಳು ಮಲಗಿ ಬೆಳೆದಿದ್ದಾರೆ.

ಆದರೆ ಹುಳುವಿನ ಮನೆಯ ಜಾಗರಣೆಗೆ ಕೊನೆಯಿತ್ತು. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ, ವಿಜಯಪುರದ ರೇಷ್ಮೆಗೂಡು ಮಾರುಕಟ್ಟೆಗೆ ಹಾಕಿ ಬಂದರೆ ಮನೆಮಂದಿಯೆಲ್ಲ ಕಣ್ತುಂಬ ಮಲಗುತ್ತಿದ್ದರು. ಪಾಳಿಯ ಜಾಗರಣೆಗೆ ಹೀಗೆ ಬೆಳೆ ಕೈಗೆ ಬರುವ ದಿನವೆಂಬುದಿಲ್ಲ. ಈ ವಾರ ರಾತ್ರಿ, ಮುಂದಿನ ವಾರ ಬೆಳಿಗ್ಗೆ, ಅದರ ಮುಂದಿನ ವಾರ ಮತ್ತೆ ರಾತ್ರಿ. ವೈದ್ಯರು ಸಾಮಾನ್ಯ ನಿದ್ರಾಭಂಗ ಮತ್ತು ಕಾಯಿಲೆಯ ನಡುವೆ ಗೆರೆ ಎಳೆಯುವುದೂ ಇದೇ ಕೊನೆಯಿಲ್ಲದ ಗುಣ ನೋಡಿ. ಮಲಗಲು ಅವಕಾಶವಿದ್ದೂ ವಾರಕ್ಕೆ ಕನಿಷ್ಠ ಮೂರು ರಾತ್ರಿ ನಿದ್ದೆ ಹತ್ತದೆ ಅಥವಾ ನಡುವೆ ಕೆಟ್ಟು, ಹಗಲಿನ ಕೆಲಸಕ್ಕೆ ತೊಂದರೆಯಾಗಿ, ಅದು ಮೂರು ತಿಂಗಳು ಮುಂದುವರಿದರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ಮಗಳ ಮದುವೆಯ ಹಿಂದಿನ ವಾರ ನಿದ್ದೆ ಬಾರದಿದ್ದರೆ ಅದು ಕಾಯಿಲೆಯಲ್ಲ. ಮದುವೆ ಮುಗಿದು ಮೂರು ತಿಂಗಳಾದರೂ ಬಾರದಿದ್ದರೆ ವಿಚಾರಿಸಬೇಕು.

ನಿದ್ದೆ ಬರಲು ದೇಹದಲ್ಲಿ ಎರಡು ವ್ಯವಸ್ಥೆಗಳು ಒಟ್ಟಿಗೆ ಕೆಲಸ ಮಾಡುತ್ತವೆ. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ರಾಸಾಯನಿಕ ಸೇರುತ್ತಾ ಹೋಗಿ ನಿದ್ದೆಯ ಒತ್ತಡ ಹೆಚ್ಚುತ್ತದೆ. ಕಾಫಿ, ಟೀ ಮಾಡುವುದು ಇದರ ಕೆಲಸಕ್ಕೆ ಅಡ್ಡ ನಿಲ್ಲುವುದನ್ನೇ. ಎರಡನೆಯದು ದೇಹದ ಗಡಿಯಾರ. ಮಿದುಳಿನ ಹೈಪೋಥಲಾಮಸ್‌ನಲ್ಲಿ ಇರುವ ಪುಟ್ಟ ಜೀವಕೋಶಗಳ ಗುಂಪೊಂದು ಕಣ್ಣಿಗೆ ಬೀಳುವ ಬೆಳಕನ್ನು ನೋಡಿ ಹಗಲು-ರಾತ್ರಿಯ ಲೆಕ್ಕ ಇಡುತ್ತದೆ. ಕತ್ತಲಾದಾಗ ಮೆಲಟೋನಿನ್ ಬಿಡುಗಡೆಯಾಗಿ ದೇಹಕ್ಕೆ ರಾತ್ರಿಯಾಯಿತೆಂಬ ಸುದ್ದಿ ಹೋಗುತ್ತದೆ. ಜೀವಕೋಶಗಳ ಒಳಗೆ ಈ ಗಡಿಯಾರ ನಡೆಯುವ ಬಗೆಯನ್ನು ಬಿಡಿಸಿಟ್ಟ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಷ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರ ನೊಬೆಲ್ ಬಂತು.

ರಾತ್ರಿ ಪಾಳಿ ಮುಗಿಸಿದ ಹುಡುಗ ಬೆಳಿಗ್ಗೆ ಆರೂವರೆಗೆ ಎಳೆಬಿಸಿಲಿನಲ್ಲಿ ಬೈಕಿನಲ್ಲಿ ಮನೆಗೆ ಬರುತ್ತಾನೆ. ಅವನ ನಿದ್ದೆಯ ಒತ್ತಡ ಮಲಗು ಅನ್ನುತ್ತದೆ, ಗಡಿಯಾರ ಬೆಳಗಾಯಿತು ಏಳು ಅನ್ನುತ್ತದೆ. ಮನೆಯಲ್ಲಿ ಕುಕ್ಕರ್ ಕೂಗುತ್ತದೆ, ಬೀದಿಯಲ್ಲಿ ಸೊಪ್ಪಿನವರು ಕೂಗುತ್ತಾರೆ, ಶೀಟಿನ ಮನೆಯಾದರೆ ಹನ್ನೊಂದಕ್ಕೆಲ್ಲ ಸೆಕೆ. ಏಳೆಂಟು ಗಂಟೆ ಬೇಕಾದಲ್ಲಿ ನಾಲ್ಕೈದು ಗಂಟೆಯ ತುಂಡು ನಿದ್ದೆ ಸಿಗುತ್ತದೆ. ರಜೆಯ ದಿನ ಅವನು ಮತ್ತೆ ಊರಿನವರ ಗಡಿಯಾರಕ್ಕೆ ಬರಬೇಕು, ಸೋಮವಾರ ಪುನಃ ಬಿಟ್ಟುಹೋಗಬೇಕು. ಪಾಳಿಯಿಲ್ಲದ ಹುಡುಗರೂ ಈಗ ಇದೇ ಸರ್ಕಸ್ಸನ್ನು ತಾವಾಗಿ ಮೈಮೇಲೆ ಎಳೆದುಕೊಂಡಿದ್ದಾರೆ. ಹೊಸಕೋಟೆಯ ದಮ್ ಬಿರಿಯಾನಿಗೆ ಭಾನುವಾರ ಬೆಳಗಿನ ಜಾವ ನಾಲ್ಕಕ್ಕೇ ಸಾಲು ನಿಲ್ಲುವುದು ಮೋಜೇ ಸರಿ, ಆದರೆ ಸೋಮವಾರದ ಮಂಕಿನಲ್ಲಿ ಅದರ ಪಾಲೂ ಇದೆ.

ಇಷ್ಟಾದರೆ ಮೈ ದಣಿಯುತ್ತದೆ ಸರಿ, ಮನಸ್ಸು ಯಾಕೆ ಕೆಡಬೇಕು? 2007ರಲ್ಲಿ ಅಮೆರಿಕದ ಸಂಶೋಧಕರು ಆರೋಗ್ಯವಂತ ಯುವಕ-ಯುವತಿಯರನ್ನು ಸುಮಾರು 35 ಗಂಟೆ ಎಚ್ಚರವಾಗಿರಿಸಿ, ಮನಸ್ಸು ಕಲಕುವ ಚಿತ್ರಗಳನ್ನು ತೋರಿಸುತ್ತಾ ಅವರ ಮಿದುಳನ್ನು ಸ್ಕ್ಯಾನ್ ಮಾಡಿದರು. ಭಯ, ಸಿಟ್ಟುಗಳಿಗೆ ಸಂಬಂಧಿಸಿದ ಅಮಿಗ್ಡಲಾ ಎಂಬ ಭಾಗ ನಿದ್ದೆ ಮಾಡಿದವರಿಗಿಂತ ಇವರಲ್ಲಿ ಸುಮಾರು ಶೇ. 60ರಷ್ಟು ಹೆಚ್ಚು ಕೆರಳಿತ್ತು. ಹಣೆಯ ಹಿಂದಿನ, ವಿವೇಚನೆಯ ಭಾಗದೊಂದಿಗೆ ಅದಕ್ಕಿದ್ದ ಸಂಪರ್ಕ ಸಡಿಲವಾಗಿತ್ತು. ಎತ್ತು ಅದೇ, ಮೂಗುದಾರ ಮಾತ್ರ ಕಳಚಿದೆ. ನಿದ್ದೆಗೆಟ್ಟವರು ಹೆಂಡತಿ ಮಕ್ಕಳ ಮೇಲೆ ಹರಿಹಾಯುವುದು, ಸಣ್ಣ ಮಾತಿಗೆ ಕಣ್ಣೀರು ಹಾಕುವುದು, ಸೂಪರ್‌ವೈಸರ್ ಒಂದು ಮಾತು ಅಂದರೆ ಕೆಲಸ ಬಿಟ್ಟು ಬರುವುದು ಸ್ವಭಾವದ ದೋಷವೇ ಆಗಿರಬೇಕಿಲ್ಲ.

ಒಂದೆರಡು ದಿನದ ಸಿಡುಕು ಬೇರೆ, ಕಾಯಿಲೆ ಬೇರೆ. ನಿದ್ದೆಗೇಡು ಕಾಯಿಲೆಗೂ ದಾರಿಯಾಗುತ್ತದೆಯೇ ಎಂದು ಮೊದಲು ಗಟ್ಟಿಯಾಗಿ ಪರೀಕ್ಷಿಸಿದವರಲ್ಲಿ ಡೇನಿಯಲ್ ಫೋರ್ಡ್ ಮತ್ತು ಡಗ್ಲಸ್ ಕ್ಯಾಮೆರೋ ಸೇರುತ್ತಾರೆ. ಅಮೆರಿಕದ 7,954 ಜನರನ್ನು ಒಂದು ವರ್ಷದ ಅಂತರದಲ್ಲಿ ಎರಡು ಸಲ ವಿಚಾರಿಸಿದ ಮಾಹಿತಿಯನ್ನು ಅವರು 1989ರಲ್ಲಿ ಪ್ರಕಟಿಸಿದರು. ನಿದ್ರಾಹೀನತೆ ಇದ್ದವರಲ್ಲಿ ಶೇ. 40 ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿತ್ತು. ನಿದ್ದೆಯ ದೂರಿಲ್ಲದವರಲ್ಲಿ ಆ ಪ್ರಮಾಣ ಶೇ. 16ರ ಆಸುಪಾಸು. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ವರ್ಷ ಕಳೆದರೂ ನಿದ್ದೆ ಸರಿಹೋಗದವರಲ್ಲಿ ಹೊಸದಾಗಿ ಖಿನ್ನತೆ ಕಾಣಿಸಿಕೊಳ್ಳುವ ಸಾಧ್ಯತೆ ಬಹಳ ಹೆಚ್ಚಿತ್ತು, ಅಷ್ಟರಲ್ಲಿ ನಿದ್ದೆ ಸರಿಹೋದವರಲ್ಲಿ ಆ ಅಪಾಯ ಇಳಿದಿತ್ತು. 2011ರಲ್ಲಿ ಇಂಥ 21 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ನಿದ್ರಾಹೀನತೆ ಇರುವವರಿಗೆ ಮುಂದೆ ಖಿನ್ನತೆ ಬರುವ ಸಾಧ್ಯತೆ ಇತರರ ಎರಡರಷ್ಟು ಎಂದು ತಿಳಿಯಿತು. ಮನೋವೈದ್ಯರ ಕೈಪಿಡಿಯಾದ ಡಿಎಸ್‌ಎಂ ತನ್ನ 2013ರ ಐದನೇ ಆವೃತ್ತಿಯಲ್ಲಿ, ಮಾನಸಿಕ ಕಾಯಿಲೆಯಿಂದ ಬಂದ ನಿದ್ರಾಹೀನತೆ ಬೇರೆ, ತಾನಾಗಿ ಬಂದದ್ದು ಬೇರೆ ಎಂಬ ಹಳೆಯ ವಿಂಗಡಣೆಯನ್ನೇ ಕೈಬಿಟ್ಟಿತು. ಜೊತೆಗೆ ಇನ್ನಾವ ಕಾಯಿಲೆ ಇದ್ದರೂ ನಿದ್ರಾಹೀನತೆಗೆ ಅದರದೇ ಚಿಕಿತ್ಸೆ ಬೇಕು ಎಂಬುದು ಇದರ ತಾತ್ಪರ್ಯ.

ನಿದ್ದೆಗೆ ಚಿಕಿತ್ಸೆ ಕೊಟ್ಟರೆ ಮನಸ್ಸು ಸುಧಾರಿಸುತ್ತದೆಯೇ? ಬ್ರಿಟನ್‌ನ 26 ವಿಶ್ವವಿದ್ಯಾಲಯಗಳ 3,755 ವಿದ್ಯಾರ್ಥಿಗಳ ಮೇಲೆ ಡೇನಿಯಲ್ ಫ್ರೀಮನ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ನಿದ್ದೆಯ ಅಭ್ಯಾಸ ಮತ್ತು ಯೋಚನೆಗಳನ್ನು ತಿದ್ದುವ ತರಬೇತಿಯನ್ನು ಅರ್ಧದಷ್ಟು ಜನರಿಗೆ ಆನ್‌ಲೈನ್‌ನಲ್ಲಿ ಕೊಟ್ಟರು. ಅವರ ನಿದ್ದೆಯ ಜೊತೆಗೆ ಅತಿಯಾದ ಸಂಶಯ, ಭ್ರಮೆಯ ಅನುಭವಗಳು, ಆತಂಕ, ಖಿನ್ನತೆ ಎಲ್ಲವೂ ಸ್ವಲ್ಪಮಟ್ಟಿಗೆ ಇಳಿದವು. ನಿದ್ದೆಯೊಂದರಿಂದ ಎಲ್ಲ ಕಾಯಿಲೆ ವಾಸಿಯಾಗುತ್ತದೆ ಎಂದಲ್ಲ. ಆದರೆ ಹಿಡಿದೆತ್ತಲು ಅದೊಂದು ಗಟ್ಟಿ ಹಿಡಿಕೆ.

ನಿದ್ದೆ ಕೆಡುವ ಬಗೆಯಲ್ಲೇ ಕಾಯಿಲೆಯ ಸುಳಿವೂ ಇರುತ್ತದೆ. ಆತಂಕದವರಿಗೆ ಸಾಮಾನ್ಯವಾಗಿ ಮಲಗಿದ ಕೂಡಲೇ ನಿದ್ದೆ ಹತ್ತುವುದಿಲ್ಲ. ಸಾಲದ ಕಂತು, ಜಮೀನಿನ ತಕರಾರು, ಮಗನ ಕೆಲಸ ಎಲ್ಲವೂ ದೀಪ ಆರಿಸಿದ ಮೇಲೆಯೇ ನೆನಪಾಗುತ್ತವೆ. ಈ ತಾಲೂಕಿನಲ್ಲಿ ಇದು ಕಲ್ಪನೆಯ ಮಾತಲ್ಲ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 1,777 ಎಕರೆಯ ಭೂಸ್ವಾಧೀನದ ವಿರುದ್ಧ 2022ರ ಏಪ್ರಿಲ್‌ನಲ್ಲಿ ಆರಂಭಿಸಿದ ಹೋರಾಟ, ಸ್ವಾಧೀನ ಕೈಬಿಡುವುದಾಗಿ 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಘೋಷಿಸುವವರೆಗೆ ಮೂರು ವರ್ಷಕ್ಕೂ ಹೆಚ್ಚು ನಡೆಯಿತು. ನಾಳೆ ಈ ಹೊಲ ನಮ್ಮದೋ ಅಲ್ಲವೋ ಎಂಬುದು ಅಷ್ಟು ಕಾಲ ತಿಳಿಯದಿದ್ದರೆ ಹಾಸಿಗೆಗೆ ಬಂದವರ ತಲೆಯಲ್ಲಿ ಏನು ಓಡುತ್ತಿರುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಇಂಥ ಚಿಂತೆಗೆ ಮೂಲ ಮದ್ದು ಇರುವುದು ಸರ್ಕಾರದ ಕೈಯಲ್ಲಿ, ಔಷಧಿ ಅಂಗಡಿಯಲ್ಲಲ್ಲ.

ಖಿನ್ನತೆ ಇರುವವರಲ್ಲಿ ಹಲವರಿಗೆ ನಿದ್ದೆ ಹತ್ತಿದರೂ ಎರಡು ಮೂರು ಗಂಟೆಗೆ ಎಚ್ಚರವಾಗಿ ಮತ್ತೆ ಬರುವುದಿಲ್ಲ. ಬೆಳಗಿನ ಹೊತ್ತೇ ಅವರಿಗೆ ದಿನದ ಅತಿ ಭಾರವಾದ ಹೊತ್ತು. ಬೈಪೋಲಾರ್ ಕಾಯಿಲೆಯಲ್ಲಿ ಉನ್ಮಾದ ಏರುವ ಮುನ್ನ ಕಾಣುವುದು ಇದರ ತಿರುವುಮುರುವು. ಎರಡು ಮೂರು ಗಂಟೆ ಮಲಗಿದರೂ ದಣಿವೇ ಇಲ್ಲ, ಮಾತು ಜೋರು, ಖರ್ಚು ಜೋರು. ಮನೆಯವರು ಹುಡುಗ ಚುರುಕಾಗಿದ್ದಾನೆ ಎಂದು ಸಂತೋಷಪಡುತ್ತಿರುವಾಗಲೇ ಕಾಯಿಲೆ ಏರುತ್ತಿರುತ್ತದೆ. ಈ ಕಾಯಿಲೆ ಇರುವವರಿಗೆ ರಾತ್ರಿ ಪಾಳಿಯೇ ಕಿಡಿಯಾಗಬಹುದು.

ಬಾಣಂತಿಯರ ವಿಷಯ ಬೇರೆಯಾಗಿ ಹೇಳಬೇಕು. ಹಿರಿಯರು ಬಾಣಂತಿ ಸನ್ನಿ ಎನ್ನುತ್ತಿದ್ದ ಕಾಯಿಲೆ ಬಹುತೇಕ ಹೆರಿಗೆಯಾದ ಮೊದಲ ಎರಡು ವಾರಗಳಲ್ಲೇ ಬರುತ್ತದೆ. ಮಗು ಮಲಗಿದ್ದಾಗಲೂ ತಾಯಿಗೆ ನಿದ್ದೆ ಬಾರದಿರುವುದು, ಚಡಪಡಿಕೆ, ಅಸಂಬದ್ಧ ಮಾತು ಅದರ ಮುನ್ಸೂಚನೆ. ಮಗು ಎಬ್ಬಿಸುವುದರಿಂದ ನಿದ್ದೆ ಕೆಡುವುದು ಸಹಜ. ಅವಕಾಶವಿದ್ದೂ ಕಣ್ಣು ಮುಚ್ಚದಿರುವುದು ಸಹಜವಲ್ಲ, ಆಗ ಒಂದು ದಿನವೂ ಕಾಯಬಾರದು. ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಶೇಷ ಘಟಕ ನಿಮ್ಹಾನ್ಸ್‌ನಲ್ಲಿ 2009ರಿಂದ ಇದೆ. ತವರಿನ ಬಾಣಂತನದಲ್ಲಿ ಅಜ್ಜಿಯೋ ತಾಯಿಯೋ ಕೂಸನ್ನು ಎತ್ತಿಕೊಂಡು ಹೋಗಿ ಮಗಳನ್ನು ಮಲಗಲು ಬಿಡುತ್ತಿದ್ದ ರೂಢಿ, ಔಷಧವಲ್ಲದಿದ್ದರೂ ದೊಡ್ಡ ಆಸರೆಯಾಗಿತ್ತು.

ಮನಸ್ಸಿನ ಕಾಯಿಲೆಯ ವೇಷದಲ್ಲಿ ಬರುವ ನಿದ್ದೆಯ ಕಾಯಿಲೆಗಳೂ ಇವೆ. ಜೋರು ಗೊರಕೆ, ನಡುವೆ ಉಸಿರು ಕಟ್ಟಿ ಬೆಚ್ಚುವುದು, ಎಂಟು ಗಂಟೆ ಮಲಗಿದರೂ ಹಗಲು ತೂಕಡಿಕೆ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು. ಇದು ಖಿನ್ನತೆಯಂತೆ ಕಂಡರೂ ಸ್ಲೀಪ್ ಆಪ್ನಿಯಾ ಆಗಿರಬಹುದು. ಮಲಗಿದಾಗ ಗಂಟಲ ದಾರಿ ಮುಚ್ಚಿಕೊಂಡು ಮಿದುಳು ರಾತ್ರಿಯಿಡೀ ಎಚ್ಚರಗೊಳ್ಳುತ್ತಿರುತ್ತದೆ. ಇದಕ್ಕೆ ಚಿಕಿತ್ಸೆಯಾಗಿ ಮೂಗಿನ ಮೂಲಕ ಒತ್ತಡದ ಗಾಳಿ ಕೊಡುವ ಸಿಪ್ಯಾಪ್ ಯಂತ್ರವನ್ನು ಆಸ್ಟ್ರೇಲಿಯಾದ ಕಾಲಿನ್ ಸಲಿವನ್ 1981ರಲ್ಲಿ ಜಗತ್ತಿಗೆ ಪರಿಚಯಿಸಿದರು. ಹಾಗೆಯೇ, ದೆವ್ವ ಎದೆಯ ಮೇಲೆ ಕೂತು ಅದುಮಿತು, ಕೂಗಲು ಬಾಯಿ ಬರಲಿಲ್ಲ ಎಂದು ಹೆದರಿ ಮಂತ್ರ ಹಾಕಿಸುವವರಿದ್ದಾರೆ. ಕನಸಿನ ನಿದ್ದೆಯಲ್ಲಿ ಸ್ನಾಯುಗಳು ಸಹಜವಾಗಿ ಸಡಿಲವಾಗಿರುತ್ತವೆ. ಅವುಗಳಿಗೆ ಬಲ ಮರಳುವ ಮುಂಚೆ ಅರೆ ಎಚ್ಚರವಾದರೆ ಈ ಅನುಭವವಾಗುತ್ತದೆ, ಹೊತ್ತುಗೊತ್ತಿಲ್ಲದ ನಿದ್ದೆಯವರಲ್ಲಿ ಹೆಚ್ಚು.

ನಿದ್ದೆ ಬಾರದಿದ್ದರೆ ನಮ್ಮ ಜನ ಮೊದಲು ಹೋಗುವುದು ಎರಡು ಕಡೆಗೆ. ಒಂದು ವೈನ್ ಶಾಪ್, ಇನ್ನೊಂದು ಮೆಡಿಕಲ್ ಶಾಪ್. ಮದ್ಯ ಬೇಗ ಮಲಗಿಸುತ್ತದೆ, ಆದರೆ ರಾತ್ರಿಯ ಎರಡನೇ ಅರ್ಧವನ್ನು ಚೂರುಚೂರು ಮಾಡುತ್ತದೆ. ಆಲ್ಪ್ರಜೋಲಾಂನಂಥ ಮಾತ್ರೆಗಳು ವೈದ್ಯರು ಕೊಟ್ಟಷ್ಟು ದಿನ, ಕೊಟ್ಟಷ್ಟೇ ಪ್ರಮಾಣದಲ್ಲಿ ಉಪಯುಕ್ತ. ಬಿಡದೆ ನುಂಗಿದರೆ ಅದಿಲ್ಲದೆ ನಿದ್ದೆಯೇ ಬಾರದಂತಾಗುತ್ತದೆ, ಥಟ್ಟನೆ ಬಿಟ್ಟರೂ ಅಪಾಯ. ಇವುಗಳನ್ನು ಚೀಟಿಯಿಲ್ಲದೆ ಮಾರಬಾರದು, ಮಾರಿದ್ದನ್ನು ಬೇರೆ ಪುಸ್ತಕದಲ್ಲಿ ಬರೆದಿಡಬೇಕು ಎಂದು ಹೇಳುವ ಶೆಡ್ಯೂಲ್ ಎಚ್1 ನಿಯಮ 2014ರ ಮಾರ್ಚ್‌ನಿಂದ ಜಾರಿಯಲ್ಲಿದೆ.

ಮಾತ್ರೆಗಿಂತ ಮೊದಲು ಕೊಡಬೇಕಾದ ಚಿಕಿತ್ಸೆ ಬೇರೆಯಿದೆ. ದೀರ್ಘಕಾಲದ ನಿದ್ರಾಹೀನತೆಗೆ ಮೊದಲ ಆಯ್ಕೆ ಅದೇ ಎಂದು ಅಮೆರಿಕದ ವೈದ್ಯರ ಸಂಘಟನೆ 2016ರಲ್ಲಿ ಹೇಳಿತು. ನಿದ್ದೆಯ ಅಭ್ಯಾಸಗಳನ್ನು ಹಂತಹಂತವಾಗಿ ಮರಳಿ ಕಲಿಸುವ ಆರೆಂಟು ವಾರಗಳ ಕ್ರಮವದು. ಎಷ್ಟೇ ಹೊತ್ತಿಗೆ ಮಲಗಿದರೂ ಏಳುವ ಹೊತ್ತು ಒಂದೇ ಇರಲಿ. ನಿದ್ದೆ ಕಣ್ಣಿಗೆ ಬಂದಾಗ ಮಾತ್ರ ಹಾಸಿಗೆಗೆ ಹೋಗಿ. ಇಪ್ಪತ್ತು ನಿಮಿಷದಲ್ಲಿ ಬಾರದಿದ್ದರೆ ಎದ್ದು ಹೊರಗೆ ಕೂತು, ಬಂದಾಗ ಮತ್ತೆ ಹೋಗಿ. ಹಾಸಿಗೆಯಲ್ಲಿ ಮೊಬೈಲ್ ಬೇಡ, ಲೆಕ್ಕಪತ್ರವೂ ಬೇಡ. ನಿಜವಾಗಿ ಐದೂವರೆ ಗಂಟೆ ನಿದ್ದೆ ಬರುತ್ತಿದ್ದರೆ ಒಂಬತ್ತು ಗಂಟೆ ಹೊರಳಾಡುವ ಬದಲು, ಹಾಸಿಗೆಯಲ್ಲಿರುವ ಹೊತ್ತನ್ನು ಮೊದಲು ಅಷ್ಟಕ್ಕೇ ಇಳಿಸಿ, ನಿದ್ದೆ ಗಟ್ಟಿಯಾದಂತೆ ಹೆಚ್ಚಿಸಿಕೊಳ್ಳುವ ವಿಧಾನವೂ ಇದರಲ್ಲಿದೆ. ಬೈಪೋಲಾರ್, ಮೂರ್ಛೆರೋಗ ಇರುವವರು, ವಾಹನ ಓಡಿಸುವವರು ಈ ಕೊನೆಯದನ್ನು ವೈದ್ಯರನ್ನು ಕೇಳದೆ ಮಾಡಬಾರದು. ಬೆಂಗಳೂರಿನ ವಿವೇಕಾನಂದ ಯೋಗ ಸಂಶೋಧನಾ ಪ್ರತಿಷ್ಠಾನದ ಮಂಜುನಾಥ್ ಮತ್ತು ಶರ್ಲಿ ಟೆಲ್ಲೆಸ್ ವೃದ್ಧಾಶ್ರಮವೊಂದರ 69 ಹಿರಿಯರ ಮೇಲೆ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನವೂ ಇಲ್ಲಿ ನೆನಪಾಗುತ್ತದೆ. ಆರು ತಿಂಗಳ ಯೋಗಾಭ್ಯಾಸದ ನಂತರ ಅಭ್ಯಾಸ ಮಾಡಿದವರಿಗೆ ನಿದ್ದೆ ಸುಮಾರು ಹತ್ತು ನಿಮಿಷ ಬೇಗ ಹತ್ತುತ್ತಿತ್ತು, ಒಟ್ಟು ನಿದ್ದೆ ಒಂದು ಗಂಟೆಯಷ್ಟು ಹೆಚ್ಚಿತ್ತು. ಅದು ಅವರೇ ಹೇಳಿದ ಲೆಕ್ಕ, ಯಂತ್ರ ಅಳೆದದ್ದಲ್ಲ. ಆದರೂ ಖರ್ಚಿಲ್ಲದ, ಹಾನಿಯಿಲ್ಲದ ದಾರಿ.

ಇಷ್ಟೆಲ್ಲ ಚಿಕಿತ್ಸೆ ಇದ್ದೂ ಜನ ಅದರ ಬಾಗಿಲಿಗೆ ಬರುತ್ತಿಲ್ಲ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಖಿನ್ನತೆ ಇರುವ ನೂರು ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಆಸ್ಪತ್ರೆಗಳ ಕೊರತೆ ಒಂದು ಕಾರಣ, ನಾಚಿಕೆ ಇನ್ನೊಂದು. ನಿಮ್ಹಾನ್ಸ್ ಅನ್ನು ಇಂದಿಗೂ ಹುಚ್ಚಾಸ್ಪತ್ರೆ ಎಂದೇ ಕರೆಯುವವರಿರುವ ಊರಿನಲ್ಲಿ, ಮನಸ್ಸಿಗೆ ಹುಷಾರಿಲ್ಲ ಎಂದು ಬಾಯಿಬಿಡಲು ಯಾರಿಗೆ ಧೈರ್ಯ? ಮಗಳ ಸಂಬಂಧ ತಪ್ಪೀತೆಂಬ ಭಯ, ಕಂಪನಿಯವರು ಕೆಲಸದಿಂದ ತೆಗೆದಾರೆಂಬ ಭಯ. ಆದರೆ ಇದೇ ಜನ ಯಾವ ಸಂಕೋಚವೂ ಇಲ್ಲದೆ ಹೇಳುವ ಒಂದು ಮಾತಿದೆ: “ರಾತ್ರಿ ನಿದ್ದೆ ಹತ್ತಲ್ಲ ಡಾಕ್ಟ್ರೇ.” ಈ ಮಾತಿಗೆ ಕಳಂಕ ಅಂಟಿಲ್ಲ. ಮಾನಸಿಕ ಆರೋಗ್ಯದ ಬಾಗಿಲು ನಮ್ಮ ಹಳ್ಳಿಗಳಲ್ಲಿ ತೆರೆಯಬಹುದಾದದ್ದು ಇಲ್ಲಿಂದಲೇ.

ಹಾಗಾಗಿ ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಬಿ.ಪಿ., ಶುಗರ್ ವಿಚಾರಿಸುವ ಆಶಾ ಕಾರ್ಯಕರ್ತೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಕಂಪನಿಯ ನರ್ಸ್ ಎಲ್ಲರೂ ತಪ್ಪದೆ ಕೇಳಲಿ: ನಿದ್ದೆ ಹೇಗಿದೆ? ಎಷ್ಟು ದಿನದಿಂದ? ವಾರದಲ್ಲಿ ಎಷ್ಟು ರಾತ್ರಿ? ಮೂರು ತಿಂಗಳು ದಾಟಿದೆ ಎಂದರೆ ಮಾತ್ರೆ ಬರೆದು ಕಳಿಸದೆ ಮನಸ್ಸಿನ ಬಗ್ಗೆ ಇನ್ನೆರಡು ಪ್ರಶ್ನೆ ಕೇಳಲಿ. ಬೇಕಾದವರನ್ನು ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋವೈದ್ಯರ ಕ್ಲಿನಿಕ್‌ಗೆ ಕಳಿಸಲಿ. ಸಾಯುವ ಯೋಚನೆ ಬರುತ್ತಿದ್ದರೆ ಮಂಗಳವಾರಕ್ಕೆ ಕಾಯಬೇಡಿ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲಿ ಮಾತಾಡಬಹುದು, ಅಪರಾತ್ರಿಯಲ್ಲೂ ಎತ್ತುತ್ತಾರೆ.

ಪಾಳಿ ಹಾಕುವವರ ಹೊಣೆಯನ್ನು ಕೆಲಸಗಾರನ ತಲೆಗೆ ಕಟ್ಟಬಾರದು. ಮನುಷ್ಯನ ದೇಹದ ಗಡಿಯಾರ 24 ಗಂಟೆಗಿಂತ ತುಸು ನಿಧಾನ. ಅದು ಹಿಂದಕ್ಕಿಂತ ಮುಂದಕ್ಕೆ ಸುಲಭವಾಗಿ ಸರಿಯುತ್ತದೆ. ಬೆಳಿಗ್ಗೆ, ಆಮೇಲೆ ಸಂಜೆ, ಆಮೇಲೆ ರಾತ್ರಿ ಎಂಬ ಕ್ರಮದಲ್ಲಿ ಪಾಳಿ ತಿರುಗಿಸಿದರೆ ತಡೆದುಕೊಳ್ಳಬಹುದು, ತಿರುವುಮುರುವಾಗಿ ತಿರುಗಿಸಿದರೆ ಕಷ್ಟ. ರಾತ್ರಿ ಪಾಳಿ ಮುಗಿದವರಿಗೆ ಮಾರನೇ ದಿನವೇ ಬೆಳಗಿನ ಪಾಳಿ ಹಾಕದಿರುವುದು, ತೂಕಡಿಸುತ್ತಾ ಬೈಕ್ ಓಡಿಸದಂತೆ ಮನೆತನಕ ಗಾಡಿ ಕಳಿಸುವುದು, ನಡುರಾತ್ರಿ ಇಪ್ಪತ್ತು ನಿಮಿಷ ಒರಗಲು ಜಾಗ ಕೊಡುವುದು ಕಂಪನಿಗೆ ಹೊರೆಯಾಗುವ ಖರ್ಚಲ್ಲ. ಮನೆಯವರ ಪಾಲಿನದೂ ಇದೆ. ಹಗಲು ಮಲಗಿದವನನ್ನು ಸೋಮಾರಿ ಅನ್ನಬೇಡಿ. ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ, ಟಿ.ವಿ. ಸದ್ದು ಇಳಿಸಿ, ರೇಷನ್ ತರಲು ಹನ್ನೊಂದಕ್ಕೆ ಎಬ್ಬಿಸಬೇಡಿ. ವಿಮಾನ ನಿಲ್ದಾಣಕ್ಕೂ ಗೋದಾಮುಗಳಿಗೂ ತನ್ನ ರಾತ್ರಿಗಳನ್ನು ಬಿಟ್ಟುಕೊಟ್ಟಿರುವ ಈ ಸೀಮೆ, ಅದಕ್ಕೆ ಸಂಬಳದ ಜೊತೆಗೆ ನಿದ್ದೆಯ ಲೆಕ್ಕವನ್ನೂ ಕೇಳಿ ಪಡೆಯಬೇಕು.